ಒಂದು ಗುಂಟೆಯ ಚೌಕ: ಸುತ್ತಳತೆ, ವಿಸ್ತೀರ್ಣ ಕಲಿಸಿದ ನನ್ನ ಅನುಭವ

ಚೌಕದ ಪಾಠ ಶುರು ಮಾಡುವಾಗ 4 ಸೆಂಟಿಮೀಟರ್ ಬಾಹುವಿನ ಚೌಕವನ್ನು ನಾನು ಬೋರ್ಡಿನ ಮೇಲೆ ಬರೆಯುವುದೇ ಇಲ್ಲ. ನಾಲ್ಕು ಬಾಹು ಕೂಡಿದರೂ 16, ಬಾಹುವನ್ನು ಬಾಹುವಿನಿಂದಲೇ ಗುಣಿಸಿದರೂ 16. ಸುತ್ತಳತೆ ಕೇಳಿದಾಗ ವಿಸ್ತೀರ್ಣದ ಲೆಕ್ಕ ಮಾಡಿದ ಮಗುವಿಗೂ ಸರಿ ಉತ್ತರವೇ ಬಂದುಬಿಡುತ್ತದೆ, ಅದರ ಗೊಂದಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. 3 ತೆಗೆದುಕೊಂಡರೆ 12 ಮತ್ತು 9, 5 ತೆಗೆದುಕೊಂಡರೆ 20 ಮತ್ತು 25. ಯಾರು ಯಾವ ದಾರಿ ಹಿಡಿದರು ಎಂಬುದು ಸ್ಲೇಟು ನೋಡಿದ ಕೂಡಲೇ ಗೊತ್ತಾಗುತ್ತದೆ.

ನಾನು ಕಲಿಸುವುದು ಬಯಲುಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಮಕ್ಕಳು ಹೆಚ್ಚಿನವರು ಬೇಸಾಯದ ಮನೆಯವರು. ಪಹಣಿ, ಗುಂಟೆ, ತಂತಿಬೇಲಿ ಎಂಬ ಮಾತುಗಳು ಅವರ ಕಿವಿಗೆ ದಿನವೂ ಬೀಳುತ್ತವೆ. ಹಾಗಾಗಿ ಸೂತ್ರವನ್ನು ಕೊನೆಗೆ ಇಟ್ಟುಕೊಂಡು, ಮೊದಲು ಆಟದ ಮೈದಾನದಲ್ಲಿ ಒಂದು ಗುಂಟೆ ಅಳೆಯುತ್ತೇವೆ. ಗುಂಟೆ ಎಂದರೆ 33 ಅಡಿ ಬಾಹುವಿನ ಚೌಕದಷ್ಟು ನೆಲ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ಬಳಕೆಗೆ ತಂದ ಸರ್ವೆ ಸರಪಳಿ 66 ಅಡಿ, ನಮ್ಮ 33 ಅಡಿ ಅದರ ಸರಿಯಾದ ಅರ್ಧ.

ಬೇಕಾಗುವುದು ನಾಲ್ಕು ಗೂಟ, 132 ಅಡಿಯ ಹಗ್ಗ, ಒಂದು ಟೇಪು. ಹಗ್ಗದ ತುದಿಗಳನ್ನು ಸೇರಿಸಿ ಗಂಟು ಹಾಕಿ, 33 ಅಡಿಗೊಂದು ಗುರುತು ಮಾಡಿ, ನಾಲ್ಕು ಮಕ್ಕಳ ಕೈಗೆ ನಾಲ್ಕು ಗುರುತು ಕೊಡುತ್ತೇನೆ. ಅವರು ಬಿಗಿಯಾಗಿ ಎಳೆದು ನಿಂತ ಮೇಲೆ ಆಕಾರ ನೋಡಿದರೆ ಸಾಮಾನ್ಯವಾಗಿ ಸ್ವಲ್ಪ ವಾಲಿರುತ್ತದೆ. ನಾನು ಕೂಡಲೇ ತಿದ್ದುವುದಿಲ್ಲ. ಎದುರುಬದುರು ಮೂಲೆಯಲ್ಲಿರುವ ಇಬ್ಬರಿಗೆ ಇನ್ನೂ ದೂರ ಹೋಗಿ ಎನ್ನುತ್ತೇನೆ, ಉಳಿದಿಬ್ಬರು ಹತ್ತಿರ ಬರಲೇಬೇಕಾಗುತ್ತದೆ. ಹಗ್ಗ ಒಂದಿಷ್ಟೂ ಕಡಿಮೆಯಾಗಿಲ್ಲ, ಒಳಗಿನ ನೆಲ ಮಾತ್ರ ಸಪೂರವಾಗುತ್ತಾ ಹೋಗುತ್ತದೆ. ಕೊನೆಗೆ ಹಗ್ಗದ ಎರಡು ಎಳೆ ಒಂದಕ್ಕೊಂದು ತಾಗಿ ನಿಲ್ಲುತ್ತವೆ. 'ಸಾರ್, ಒಳಗೆ ಜಾಗನೇ ಇಲ್ಲ!' ಎಂದು ಯಾರಾದರೂ ಕೂಗುತ್ತಾರೆ. ಇಡೀ ಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಗಳಿಗೆ ಅದು. ಸುತ್ತಳತೆ 132 ಅಡಿಯೇ ಇದ್ದುಕೊಂಡು ವಿಸ್ತೀರ್ಣ ಸೊನ್ನೆಗೆ ಇಳಿಯಬಹುದು ಎಂದು ಕಂಡ ಮಗು, ಇವೆರಡೂ ಬೇರೆ ಬೇರೆ ಸಂಗತಿ ಎಂಬುದನ್ನು ಮರೆಯುವುದಿಲ್ಲ.

ಆಮೇಲೆ ಮೂಲೆ ಕೂಡಿಸುವ ಕೆಲಸ. ಗಾರೆಯವರು ಪಾಯದ ಮೂಲೆ ನೋಡುವ ಹಾಗೆಯೇ ಒಂದು ಕಡೆ 9 ಅಡಿ, ಇನ್ನೊಂದು ಕಡೆ 12 ಅಡಿ ಗುರುತಿಸಿ, ನಡುವೆ 15 ಅಡಿ ಬರುತ್ತದೋ ನೋಡುತ್ತೇವೆ. ಬಂದರೆ ಮೂಲೆ ಲಂಬಕೋನವಾಗಿದೆ ಎಂದು ಅರ್ಥ. ಎಲ್ಲ ಗೂಟ ನೆಟ್ಟ ಮೇಲೆ ಕರ್ಣಗಳನ್ನೂ ಅಳೆಯುತ್ತೇವೆ. ಎರಡೂ 46 ಅಡಿ 8 ಇಂಚಿನ ಆಸುಪಾಸು ಬಂದರೆ ಚೌಕ ಸರಿಯಾಗಿದೆ ಎಂದು ಅರ್ಥ.

ವಿಸ್ತೀರ್ಣಕ್ಕೆ ರಟ್ಟು ಬೇಕು. ಅಂಗಡಿಯ ಖಾಲಿ ಡಬ್ಬ ತಂದು, ಒಂದು ಅಡಿ ಉದ್ದ ಒಂದು ಅಡಿ ಅಗಲದ 33 ತುಂಡು ಕತ್ತರಿಸಿಟ್ಟಿದ್ದೇವೆ. ಅವನ್ನು ಒಂದು ಬಾಹುವಿನ ಉದ್ದಕ್ಕೂ ಸಾಲಾಗಿ ಜೋಡಿಸಿದರೆ ಸರಿಯಾಗಿ ಮುಗಿಯುತ್ತವೆ. ಇಂಥ ಸಾಲು ಎಷ್ಟು ಬೇಕು ಎಂದು ಕೇಳಿದರೆ, ಕೆಲವರು ಪಕ್ಕದ ಬಾಹುವಿನ ಮೇಲೆ ಹೆಜ್ಜೆ ಹಾಕಿ ನೋಡುತ್ತಾರೆ, ಕೆಲವರು ನಿಂತಲ್ಲೇ ಹೇಳುತ್ತಾರೆ. 33 ಸಾಲು, ಸಾಲಿಗೆ 33 ತುಂಡು, ಒಟ್ಟು 1089. ಬಾಹು × ಬಾಹು ಎಂಬುದು ಅಲ್ಲೇ, ಮಣ್ಣಿನ ಮೇಲೇ ಹುಟ್ಟುತ್ತದೆ. ಹಗ್ಗವನ್ನು ಅಡಿಯಲ್ಲಿ ಎಣಿಸಿದೆವು, ನೆಲವನ್ನು ರಟ್ಟಿನ ತುಂಡಿನಲ್ಲಿ, ಅಂದರೆ ಚದರ ಅಡಿಯಲ್ಲಿ ಎಣಿಸಿದೆವು. ಅದಾದ ಮೇಲೆ ಮಾನ ಬರೆಯದ ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಈ ವಿಷಯದಲ್ಲಿ ಬಿಗಿಯಾಗಿರಲೇಬೇಕು.

ಪಹಣಿಯಲ್ಲಿ ಗುಂಟೆಯ ಪಕ್ಕ ಆಣೆ ಇರುತ್ತದೆ. 16 ಆಣೆ ಸೇರಿದರೆ ಒಂದು ಗುಂಟೆ. ನೆಟ್ಟ ಚೌಕದ ಪ್ರತಿ ಬಾಹುವನ್ನೂ ನಾಲ್ಕು ಸಮಭಾಗ ಮಾಡಿ ಅಡ್ಡ, ಉದ್ದ ದಾರ ಕಟ್ಟಿದರೆ ಹದಿನಾರು ಪುಟ್ಟ ಚೌಕಗಳಾಗುತ್ತವೆ. ಒಂದೊಂದೂ ಒಂದು ಆಣೆ, ಬಾಹು ಎಂಟೂಕಾಲು ಅಡಿ. ಅದರ ಸುತ್ತಳತೆ 33 ಅಡಿ, ಅಂದರೆ ದೊಡ್ಡ ಚೌಕದ ಒಂದು ಬಾಹುವಿನಷ್ಟು. ಬಾಹು ನಾಲ್ಕನೇ ಒಂದಾದರೆ ಸುತ್ತಳತೆಯೂ ನಾಲ್ಕನೇ ಒಂದು, ವಿಸ್ತೀರ್ಣ ಮಾತ್ರ ಹದಿನಾರನೇ ಒಂದು. ಒಂದು ಪುಟ್ಟ ಚೌಕದಲ್ಲಿ ನಿಂತ ಮಗುವಿಗೆ ಇದನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬರುವುದಿಲ್ಲ.

ಮೀಟರಿನ ಲೆಕ್ಕಕ್ಕೆ ನಾನು ಆರಿಸಿಕೊಂಡಿರುವುದು ಕೃಷಿ ಹೊಂಡ, ಅಂದರೆ ಮಳೆನೀರು ಹಿಡಿದಿಡಲು ಹೊಲದಲ್ಲಿ ತೋಡುವ ಹೊಂಡ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳಲ್ಲಿ 10 ಮೀಟರ್ ಚೌಕದಿಂದ 21 ಮೀಟರ್ ಚೌಕದವರೆಗೆ ಅಳತೆಗಳಿವೆ. 10 ಮೀಟರಿನದಕ್ಕೆ ಸುತ್ತಳತೆ 40 ಮೀಟರ್, ವಿಸ್ತೀರ್ಣ 100 ಚದರ ಮೀಟರ್. ಹೆಚ್ಚುಕಡಿಮೆ ಒಂದು ಗುಂಟೆಯೇ. 21 ಮೀಟರಿನದಕ್ಕೆ 84 ಮತ್ತು 441. ಬೇಲಿ ಎರಡರಷ್ಟಕ್ಕಿಂತ ತುಸು ಹೆಚ್ಚಾಯಿತು, ಹೊಂಡಕ್ಕೆ ಹೋದ ನೆಲ ನಾಲ್ಕರಷ್ಟನ್ನೂ ದಾಟಿತು. ಎರಡೇ ಎಕರೆ ಇರುವ ಮನೆಯ ಹುಡುಗನಿಗೆ ಇದು ಬರೀ ಪುಸ್ತಕದ ಲೆಕ್ಕ ಅಲ್ಲ.

ಇಲ್ಲೇ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ದಂಡೆಯಿಂದ ಎಲ್ಲ ಕಡೆ ಒಂದು ಮೀಟರ್ ಬಿಟ್ಟು, ಚೌಕವಾಗಿಯೇ ಬೇಲಿ ಹಾಕಬೇಕು, 10 ಮೀಟರಿನ ಹೊಂಡಕ್ಕೆ ಎಷ್ಟು ಉದ್ದದ ಬೇಲಿ ಬೇಕು? ಬಹಳ ಮಕ್ಕಳು 44 ಎನ್ನುತ್ತಾರೆ. ಬಿಟ್ಟ ಜಾಗ ಎರಡೂ ಬದಿಗೆ ಸೇರುವುದರಿಂದ ಬಾಹು 12 ಆಗುತ್ತದೆ, ಬೇಲಿ 48. ಚಿತ್ರ ಬರೆಯದೆ ಇದು ತಲೆಗೆ ಹತ್ತುವುದು ಕಷ್ಟ, ಅದಕ್ಕೆ ಚಿತ್ರ ಕಡ್ಡಾಯ. 21 ಮೀಟರಿನ ಹೊಂಡಕ್ಕೆ ಮಾಡಿದರೆ 92. ಹೊಂಡ ಚಿಕ್ಕದಿರಲಿ ದೊಡ್ಡದಿರಲಿ, ಹೆಚ್ಚಾಗುವುದು 8 ಮೀಟರೇ. ಯಾಕೆ ಎಂದು ಕಂಡುಹಿಡಿಯಲು ಒಂದು ಪೀರಿಯಡ್ ಪೂರ್ತಿ ಕೊಟ್ಟುಬಿಡುತ್ತೇನೆ. ಮಕ್ಕಳು, ದನಕರು ಹೊಂಡಕ್ಕೆ ಬಿದ್ದ ಸುದ್ದಿ ಓದಿದಾಗಲೆಲ್ಲ ಸಂಕಟವಾಗುತ್ತದೆ. ಬೇಲಿಯ ಲೆಕ್ಕ ಮಾಡುವಾಗ ಆ ಮಾತನ್ನೂ ಆಡದೆ ಇರುವುದಿಲ್ಲ.

ಏಳನೇ ತರಗತಿಯವರಿಗೆ ಉಲ್ಟಾ ಲೆಕ್ಕ. 10 ಎಕರೆ ಚೌಕವಾಗಿದ್ದರೆ ಬಾಹು ಎಷ್ಟು? ಎಕರೆಗೆ 40 ಗುಂಟೆಯಂತೆ 400 ಗುಂಟೆ, ಅಂದರೆ 20 ಸಾಲು, ಸಾಲಿಗೆ 20. ಬಾಹು 660 ಅಡಿ, ಸುತ್ತಳತೆ 2640 ಅಡಿ, ಸರಿಯಾಗಿ ಅರ್ಧ ಮೈಲಿ. ಒಂದೇ ಎಕರೆ ಎಂದಾಗ ಮಾತ್ರ ತೊಡಕು ಶುರು. 36 ಗುಂಟೆಯಾದರೆ ಬಾಹು 198 ಅಡಿ, 49 ಆದರೆ 231, ನಮ್ಮ 40 ಇವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಎಕರೆಗೆ 43,560 ಚದರ ಅಡಿ. 208ನ್ನು 208ರಿಂದ ಗುಣಿಸಿದರೆ 43,264, 209ನ್ನು 209ರಿಂದ ಗುಣಿಸಿದರೆ 43,681. ಅಲ್ಲಿಂದ ಮುಂದೆ ಎಷ್ಟು ಹತ್ತಿರ ಹೋಗಬಲ್ಲಿರಿ ನೋಡಿ ಎಂದು ಮನೆಗೆ ಕಳಿಸುತ್ತೇನೆ. ಮರುದಿನ 208.7 ಹಿಡಿದು ಬಂದವರು ವರ್ಗಮೂಲ ಎಂಬ ಹೆಸರು ಕೇಳುವ ಮೊದಲೇ ಅದನ್ನು ಮಾಡಿ ಮುಗಿಸಿರುತ್ತಾರೆ.