ಸ್ಮಾರ್ಟ್ ವರದಿ ಸರಿಯಿದೆ, ಕಂಪ್ಯೂಟರ್ ಮಾತ್ರ ತೆವಳುತ್ತಿದೆ: ಹಾರ್ಡ್ ಡಿಸ್ಕ್ ಪರೀಕ್ಷೆಯಲ್ಲಿ ನನ್ನ ಅನುಭವ

ಸ್ಮಾರ್ಟ್ ವರದಿಯ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) ಬಣ್ಣ ನೋಡಿ ಹಾರ್ಡ್ ಡಿಸ್ಕಿನ ಹಣೆಬರಹ ಹೇಳಬಾರದು, ಒಂದೊಂದು ಬ್ಲಾಕ್ (ಮಾಹಿತಿಯ ತುಂಡು) ಓದುವುದಕ್ಕೆ ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ನೋಡಿ ಹೇಳಬೇಕು. ಇದನ್ನು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಸಾಗರ, ಶಿವಮೊಗ್ಗದ ಕಡೆ ನನ್ನಂತೆ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯರು ಒಪ್ಪುತ್ತಿರಲಿಲ್ಲ. "ಒಂದು ಡಿಸ್ಕಿಗೆ ಅಷ್ಟು ಹೊತ್ತು ಕೂತರೆ ಅಂಗಡಿ ಬಾಡಿಗೆ ಯಾರು ಕಟ್ಟುತ್ತಾರೆ? ಎಸ್‌ಎಸ್‌ಡಿ ಹಾಕಿ ಕಳಿಸಿ" ಎಂಬುದು ಅವರ ವಾದವಾಗಿತ್ತು. ಕಳೆದ ಮಳೆಗಾಲದಲ್ಲಿ ನನ್ನ ಕೈಗೆ ಬಂದ ಒಂದು ಡಿಸ್ಕ್ ಈ ವಾದವನ್ನು ಮುಗಿಸಿದೆ.

ಅದು ನಿವೃತ್ತ ಮೇಷ್ಟ್ರೊಬ್ಬರ ಮನೆಯ ಕಂಪ್ಯೂಟರ್. 1 ಟಿಬಿ ಡಿಸ್ಕ್, ನಿಮಿಷಕ್ಕೆ 7200 ಸುತ್ತಿನದು, ಒಳಗೆ ಎರಡು ಪ್ಲ್ಯಾಟರ್ (ಮಾಹಿತಿ ಕೂರುವ ತಿರುಗುವ ತಟ್ಟೆ), ನಾಲ್ಕು ಹೆಡ್ (ಅದನ್ನು ಓದಿ ಬರೆಯುವ ಮುಳ್ಳು). ನುಡಿಯಲ್ಲಿ ಟೈಪ್ ಮಾಡಿದ ಕೆಳದಿ ಇತಿಹಾಸದ ಟಿಪ್ಪಣಿಗಳು, ಮಗಳ ಮದುವೆಯ ಫೋಟೋಗಳು, ಎಲ್ಲವೂ ಅದರಲ್ಲೇ ಇದ್ದವು. ಬೇರೆ ಪ್ರತಿ ಇರಲಿಲ್ಲ. ಕಂಪ್ಯೂಟರ್ ತೆರೆದುಕೊಳ್ಳಲು ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ನನ್ನ ಬಳಿ ಬರುವ ಮೊದಲು ಒಂದು ಅಂಗಡಿಯವರು ವೈರಸ್ ಎಂದಿದ್ದರು. ಇನ್ನೊಂದು ಕಡೆ ರಾತ್ರಿಯಿಡೀ ವಿಂಡೋಸಿನ ಡಿಸ್ಕ್ ತಿದ್ದುವ ಸಾಧನವಾದ ಚೆಕ್‌ಡಿಸ್ಕ್ ಓಡಿಸಿದ್ದರು, ಅದೂ ಸೆಕ್ಟರ್ ಸೆಕ್ಟರ್ (ಡಿಸ್ಕಿನ ಅತಿ ಸಣ್ಣ ಖಾನೆ) ಕೆದಕುವ ಆಯ್ಕೆಯೊಂದಿಗೆ. ಸುಸ್ತಾದ ಡಿಸ್ಕಿನ ಮೇಲೆ ನಡೆಯುವ ಕೆಲಸಗಳಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಇದೇ. ಕಡತಗಳ ಪ್ರತಿ ತೆಗೆದುಕೊಳ್ಳುವ ಮೊದಲೇ ಚೆಕ್‌ಡಿಸ್ಕ್ ಫೈಲ್ ವ್ಯವಸ್ಥೆಯನ್ನು ತಿದ್ದಲು ಹೊರಡುತ್ತದೆ, ಉಳಿದಿದ್ದ ಅಲ್ಪಸ್ವಲ್ಪ ಆಯುಷ್ಯವನ್ನೂ ಆ ತಿದ್ದುಪಡಿಗೇ ಕರಗಿಸುತ್ತದೆ.

ಸ್ಮಾರ್ಟ್ ವರದಿಯಲ್ಲಿ ಒಟ್ಟು ತೀರ್ಪು 'ಪಾಸ್'. ಕೆಟ್ಟು ಬದಲಿಸಿದ ಸೆಕ್ಟರುಗಳನ್ನು ಎಣಿಸುವ 05ನೆಯ ಸಾಲಿನಲ್ಲಿ ಸೊನ್ನೆ. ಓದಲಾಗದೆ ಅನುಮಾನದಲ್ಲಿರುವ ಸೆಕ್ಟರುಗಳನ್ನು ಎಣಿಸುವ ಸಿ5ನಲ್ಲಿ 8. ಈ ಎಂಟನ್ನು ನೋಡಿ ಎಂಟು ಕಡೆ ಹಾಳಾಗಿದೆ ಎಂದು ಬಹಳ ಜನ ಹೌಹಾರುತ್ತಾರೆ. 4096 ಬೈಟಿನ ಒಂದು ಭೌತಿಕ ಸೆಕ್ಟರ್ ಕೆಟ್ಟರೆ 512ರ ಲೆಕ್ಕದಲ್ಲಿ ಅದು ಎಂಟಾಗಿ ಕಾಣುತ್ತದೆ, ಅಷ್ಟೆ. ಒಂದೇ ಒಂದು ಸೆಕ್ಟರಿಗಾಗಿ ಅರ್ಧ ಗಂಟೆಯ ಬೂಟ್ ಆಗುವುದಿಲ್ಲ. ವಿಂಡೋಸಿನ ಈವೆಂಟ್ ದಾಖಲೆಯಲ್ಲಿ 153 ಮತ್ತು 129 (ಡಿಸ್ಕ್ ಸಮಯಕ್ಕೆ ಉತ್ತರಿಸದಿದ್ದಾಗ ಬೀಳುವ ಸಂಖ್ಯೆಗಳು) ಸಾಲುಸಾಲಾಗಿ ಬಿದ್ದಿದ್ದವು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಶೇಕಡಾ ದುಡಿಯುತ್ತಿತ್ತು. ವೇಗ ಮಾತ್ರ ಸೆಕೆಂಡಿಗೆ ಮುನ್ನೂರು ಕಿಲೋಬೈಟ್ ಆಸುಪಾಸು, ಪ್ರತಿಕ್ರಿಯೆ ಸಮಯ ಸಾವಿರಾರು ಮಿಲಿಸೆಕೆಂಡ್. ಸಾಫ್ಟ್‌ವೇರ್ ಕಾಟವಾಗಿದ್ದರೆ ಶೇಕಡಾ ನೂರು ಕಂಡರೂ ಪ್ರತಿಕ್ರಿಯೆ ಸಮಯ ಇಷ್ಟು ಮೇಲೇರುವುದು ಅಪರೂಪ.

ಆದರೂ ಮೊದಲು ಡಿಸ್ಕನ್ನು ಬಯ್ಯುವುದಿಲ್ಲ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ, ಸ್ಮಾರ್ಟ್‌ನಲ್ಲಿ ಕೇಬಲ್ ದೋಷಗಳನ್ನು ಎಣಿಸುವ ಸಿ7 ಅಂಕಿ ಏರುತ್ತಿದೆಯೇ ನೋಡುತ್ತೇನೆ. ಆಮೇಲೆ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) 12 ವೋಲ್ಟಿನ ಹಳದಿ ತಂತಿಗೆ ಮೀಟರ್ ಹಿಡಿದು, ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ ವೋಲ್ಟೇಜ್ ಓದುತ್ತೇನೆ. ಸುಮ್ಮನೆ ಇರುವಾಗ 12 ತೋರಿಸುವ ಸಪ್ಲೈ ಮೋಟಾರ್ ಎಳೆದಾಗ 11.4ಕ್ಕಿಂತ ಕೆಳಗೆ ಕುಸಿದರೆ ಡಿಸ್ಕಿನ ತಪ್ಪಿಲ್ಲ. 10.9ರವರೆಗೆ ಇಳಿದದ್ದನ್ನೂ ಕಂಡಿದ್ದೇನೆ. 'ಸತ್ತಿದೆ' ಎಂದು ಬೇರೆಯವರು ಹಣೆಪಟ್ಟಿ ಕಟ್ಟಿದ ಎಷ್ಟೋ ಡಿಸ್ಕುಗಳು ಎಂಟುನೂರು ರೂಪಾಯಿಯ ಎಸ್‌ಎಂಪಿಎಸ್‌ನಿಂದ ಎದ್ದು ಕೂತಿವೆ. ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಂದರೆಯಿದೆ. ತೇವಕ್ಕೆ ಪಿಸಿಬಿಯ (ಡಿಸ್ಕಿನ ಹೊರಗಿರುವ ಸರ್ಕ್ಯೂಟ್ ಹಲಗೆ) ಅಡಿಯಲ್ಲಿ ಹೆಡ್‌ ಸಂಪರ್ಕದ ಬಿಂದುಗಳು ಕಪ್ಪಾಗುತ್ತವೆ. ಟಾರ್ಕ್ಸ್ ಸ್ಕ್ರೂ ಬಿಚ್ಚಿ, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ಕೆಲವು ಡಿಸ್ಕುಗಳು ಆ ಕ್ಷಣದಲ್ಲೇ ಸರಿಹೋಗುತ್ತವೆ. ಮೇಷ್ಟ್ರ ಡಿಸ್ಕಿನಲ್ಲಿ ಕೇಬಲ್, ಕರೆಂಟು, ಬಿಂದುಗಳು ಮೂರೂ ಸರಿಯಿದ್ದವು.

ಹಾಗಾಗಿ ವಿಕ್ಟೋರಿಯಾ ಎಂಬ ಡಿಸ್ಕ್ ಪರೀಕ್ಷೆಯ ತಂತ್ರಾಂಶದಲ್ಲಿ ಓದುವ ಪರೀಕ್ಷೆ ಮಾತ್ರ ಹಾಕಿದೆ, ಕೆಟ್ಟ ಸೆಕ್ಟರನ್ನು ಬದಲಿಸುವ 'ರಿಮ್ಯಾಪ್' ಮುಟ್ಟಲಿಲ್ಲ. 256 ಸೆಕ್ಟರಿನ ಒಂದು ಬ್ಲಾಕ್ ಎಂದರೆ 128 ಕಿಲೋಬೈಟ್, ಆರೋಗ್ಯವಾದ ಡಿಸ್ಕಿಗೆ ಅದು ಒಂದೆರಡು ಮಿಲಿಸೆಕೆಂಡಿನ ಕೆಲಸ. 7200ರ ಡಿಸ್ಕ್ ಒಂದು ಸುತ್ತು ಹಾಕಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಮೊದಲ ಸಲ ಓದಲಾಗದಿದ್ದರೆ ಅದೇ ಜಾಗ ಮತ್ತೆ ಹೆಡ್ಡಿನ ಕೆಳಗೆ ಬರುವವರೆಗೆ ಕಾಯಲೇಬೇಕು. ಆದ್ದರಿಂದ ವಿಳಂಬ 8, 17, 25 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದರೆ ಡಿಸ್ಕ್ ಒಳಗೊಳಗೇ ಮರುಪ್ರಯತ್ನ ಮಾಡುತ್ತಿದೆ ಎಂದು ತಿಳಿಯಬೇಕು. ಕೊನೆಗೆ ಹೇಗೋ ಓದಿಬಿಡುವುದರಿಂದ ಸ್ಮಾರ್ಟ್‌ನ 05 ಮತ್ತು ಸಿ5 ಅಲುಗುವುದೇ ಇಲ್ಲ. ಎಲ್ಲರನ್ನೂ ದಾರಿ ತಪ್ಪಿಸುವ ಜಾಗ ಇದು.

ಗ್ರಾಫ್ ಬೆಳೆಯುತ್ತಾ ಹೋದಂತೆ ನಾನು ಹುಡುಕುತ್ತಿದ್ದದ್ದು ಕಾಣಿಸಿತು. ಒಂದಿಷ್ಟು ದೂರ ಸಲೀಸಾದ ಓದು, ಆಮೇಲೆ ಒಂದು ನಿಧಾನದ ಪಟ್ಟೆ, ಮತ್ತೆ ಸಲೀಸು, ಮತ್ತೆ ಪಟ್ಟೆ. ನಡುವಿನ ಅಂತರ ಹೆಚ್ಚುಕಡಿಮೆ ಸಮ, ನಾಲ್ಕರಲ್ಲಿ ಒಂದು ಪಾಲು ನಿಧಾನ. ಡಿಸ್ಕ್ ಒಂದು ಹೆಡ್ಡಿನಲ್ಲಿ ಒಂದಿಷ್ಟು ಬರೆದು ಮುಂದಿನ ಹೆಡ್ಡಿಗೆ ದಾಟುತ್ತದೆ. ಪ್ಲ್ಯಾಟರ್ ಗೀಚಿದ್ದರೆ ತೊಂದರೆ ಒಂದೆರಡು ಕಡೆ ಗುಂಪಾಗಿ ಕಾಣಬೇಕಿತ್ತು. ಹೀಗೆ ಆದಿಯಿಂದ ಅಂತ್ಯದವರೆಗೆ ಲೆಕ್ಕಬದ್ಧವಾಗಿ ಪಟ್ಟೆ ಬಂದರೆ ನಾಲ್ಕು ಹೆಡ್‌ಗಳಲ್ಲಿ ಒಂದು ದುರ್ಬಲವಾಗಿದೆ, ಉಳಿದ ಮೂರು ಗಟ್ಟಿಯಾಗಿವೆ ಎಂದರ್ಥ. ಪಟ್ಟೆ ಖಚಿತವಾದ ಕೂಡಲೇ ಪರೀಕ್ಷೆ ನಿಲ್ಲಿಸಿದೆ, ಪೂರ್ತಿ ಓಡಿಸಿದರೆ ಆ ಹೆಡ್ಡನ್ನು ಸುಮ್ಮನೆ ದಣಿಸಿದಂತೆ.

ಮುಂದಿನದು ಲಿನಕ್ಸ್ ಮತ್ತು ಕೆಟ್ಟ ಡಿಸ್ಕಿನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ. ಡಿಸ್ಕ್ ತಾನಾಗಿ ಮೌಂಟ್ ಆಗುವುದನ್ನು (ಲಿನಕ್ಸ್ ಅದನ್ನು ತಾನೇ ತೆರೆಯುವುದನ್ನು) ನಿಲ್ಲಿಸಿದೆ. ಡಿಸ್ಕ್ ಸಾವಿರ ಜಿಬಿಯದಾದರೂ ಬಳಕೆಯಲ್ಲಿದ್ದದ್ದು 180 ಜಿಬಿಯಷ್ಟು. ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಬಿಟ್‌ಮ್ಯಾಪ್ (ಯಾವ ಜಾಗ ಬಳಕೆಯಲ್ಲಿದೆ ಎಂಬ ಪಟ್ಟಿ) ತೆಗೆದು ಆ ಜಾಗವನ್ನಷ್ಟೇ ಓದುವಂತೆ ಕಟ್ಟಿಹಾಕಿದೆ. ಕನಿಷ್ಠ ವೇಗದ ಆಯ್ಕೆಯನ್ನು ಕೊಟ್ಟದ್ದರಿಂದ ನಿಧಾನದ ಪಟ್ಟೆ ಬಂದ ತಕ್ಷಣ ಅದು ಜಿಗಿದು ಮುಂದೆ ಹೋಗುತ್ತಿತ್ತು. ಒಳ್ಳೆಯ ಮೂರು ಹೆಡ್‌ಗಳ ಪಾಲು ಒಂದು ಗಂಟೆಯೊಳಗೆ ಹೊರಬಂತು. ಉಳಿದ ನಲವತ್ತು ಚಿಲ್ಲರೆ ಜಿಬಿ ಸೆಕೆಂಡಿಗೆ ಒಂದು ಎಂಬಿಯಂತೆ ರಾತ್ರಿಯೆಲ್ಲ ತೊಟ್ಟಿಕ್ಕಿತು. ಜಿಗಿತದ ಅಳತೆಗೆ ನಾನು ಯಾವ ಅಂಕಿ ಕೊಡುತ್ತೇನೆ, ಹೆಡ್ ಮಂಕಾದಾಗ ಎಷ್ಟು ಹೊತ್ತು ಬಿಡುವು ಕೊಟ್ಟು ಹೇಗೆ ಎಬ್ಬಿಸುತ್ತೇನೆ ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಡಿಡಿರೆಸ್ಕ್ಯೂ ಲೆಕ್ಕ ಇಡುವ ಮ್ಯಾಪ್ ಫೈಲಿನಲ್ಲಿ ಕೊನೆಗೆ ಉಳಿದ, ಓದಲಾಗದ ಜಾಗದ ಕೆಂಪು ಚುಕ್ಕೆಗಳು ಕೆಲವು ಕಿಲೋಬೈಟ್ ಮಾತ್ರ. ಒಂದೆರಡು ಫೋಟೋಗಳ ಕೆಳಭಾಗ ಬೂದಿ ಬಣ್ಣಕ್ಕೆ ತಿರುಗಿತ್ತು. ನುಡಿ ಕಡತಗಳು ಒಂದೂ ಬಿಡದೆ ತೆರೆದುಕೊಂಡವು. ಕೆಲಸ ಮುಗಿದ ಮೇಲೆ ಕುತೂಹಲಕ್ಕೆ ಡಿಸ್ಕನ್ನು ಮತ್ತೆ ಹಚ್ಚಿದೆ. ಈ ಸಲ ಅದು ಗುರುತಿಸಿಕೊಳ್ಳಲೇ ಇಲ್ಲ. ಸಮಯ ವ್ಯರ್ಥ ಎನ್ನುತ್ತಿದ್ದ ಗೆಳೆಯರೊಬ್ಬರು ಅಂಗಡಿಗೆ ಬಂದು ಪಟ್ಟೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದರು. ನನಗೆ ಅದು ಸಾಕು.

ದುಡ್ಡಿನ ಮಾತು. ಬೆಂಗಳೂರಿನ ಒಂದು ಲ್ಯಾಬ್ ಮೇಷ್ಟ್ರಿಗೆ ಹದಿನೈದು ಸಾವಿರದ ಮೇಲೆ ಹೇಳಿತ್ತು. ನಾನು ಎಸ್‌ಎಸ್‌ಡಿ ಬೆಲೆ ಬಿಟ್ಟು ಎರಡೂವರೆ ಸಾವಿರ ತೆಗೆದುಕೊಂಡೆ. ಪರೀಕ್ಷೆಗೆ ಮಾತ್ರವಾದರೆ ಮುನ್ನೂರು. ಲಾಭ ದೊಡ್ಡದಲ್ಲ, ಏಕೆಂದರೆ ಈ ವಿದ್ಯೆಗೆ ಸುರಿದ ಹಣ ಇನ್ನೂ ಪೂರ್ತಿ ವಾಪಸಾಗಿಲ್ಲ. ಪಿಸಿಬಿ ಬದಲಿಸುವ ಹುಚ್ಚಿನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರಸ್ತೆಯಿಂದ ಅದೇ ಮಾಡೆಲಿನ ಹಳೆಯ ಡಿಸ್ಕುಗಳನ್ನು ಒಂದೊಂದಕ್ಕೆ ಸುಮಾರು ಸಾವಿರ ಕೊಟ್ಟು ತಂದಿದ್ದೆ. ಈಗಿನ ಡಿಸ್ಕುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಹೊಂದಾಣಿಕೆಯ ಮಾಹಿತಿ ಪಿಸಿಬಿಯ ಮೇಲಿನ ರೋಮ್ ಚಿಪ್ಪಿನಲ್ಲಿ ಇರುತ್ತದೆ. ಆ ಚಿಪ್ಪನ್ನು ಬಿಸಿಗಾಳಿಯಲ್ಲಿ ಕಿತ್ತು ಹೊಸ ಪಿಸಿಬಿಗೆ ಕೂರಿಸದಿದ್ದರೆ ಪ್ರಯೋಜನವಿಲ್ಲ, ಕೂರಿಸಿದರೂ ಎಲ್ಲವೂ ಏಳಲಿಲ್ಲ. ಫ್ರೀಜರಿನಲ್ಲಿಡುವ ಉಪಾಯವನ್ನು ಗುಜರಿ ಡಿಸ್ಕಿನ ಮೇಲೆ ನೋಡಿದೆ. ನಮ್ಮ ಹವೆಯಲ್ಲಿ ಹೊರತೆಗೆದ ಕೂಡಲೇ ನೀರಿನ ಹನಿ ಕಟ್ಟುತ್ತದೆ, ಅದನ್ನು ಯಾರೂ ಮಾಡಬೇಡಿ. ಡಿಸ್ಕನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಸಣ್ಣ ಫ್ಯಾನ್ ಇಟ್ಟಾಗ ದುರ್ಬಲ ಹೆಡ್‌ನ ವೇಗ ಕೆಲವು ಸಲ ತುಸು ಏರಿದೆ, ಕಾರಣ ಫ್ಯಾನೋ ಭಂಗಿಯೋ ಇನ್ನೂ ಬೇರ್ಪಡಿಸಿ ನೋಡುತ್ತಿದ್ದೇನೆ.

ಓದುವ ಗ್ರಾಫ್ ನುಣ್ಣಗಿದ್ದು, ಬರೆಯುವಾಗ ಮಾತ್ರ ಸೆಕೆಂಡಿಗೆ ಹತ್ತಿಪ್ಪತ್ತು ಎಂಬಿಗೆ ಕುಸಿಯುವ ಡಿಸ್ಕುಗಳಿಗೆ ಈ ಮದ್ದು ಬೇಡ. ಅವು ಹೆಚ್ಚಾಗಿ ಎಸ್‌ಎಂಆರ್ ಡಿಸ್ಕುಗಳು, ಟ್ರ್ಯಾಕಿನ (ತಟ್ಟೆಯ ಮೇಲಿನ ಬರಹದ ಸುತ್ತು) ಮೇಲೆ ಟ್ರ್ಯಾಕನ್ನು ಹೆಂಚಿನಂತೆ ಹೊದಿಸಿ ಬರೆಯುವುದರಿಂದ ಹಾಗಾಗುತ್ತದೆ. ಅವಕ್ಕೆ ರೋಗವಿಲ್ಲ, ಬದಲಿಸಲು ಗಿರಾಕಿಯಿಂದ ಹಣ ಕೀಳಬೇಡಿ. ಟಕ್ ಟಕ್ ಎನ್ನುವ ಡಿಸ್ಕನ್ನು ಸಪ್ಲೈ ಒಂದನ್ನು ಬದಲಿಸಿ ನೋಡಿ ಅಲ್ಲಿಗೇ ನಿಲ್ಲಿಸುತ್ತೇನೆ, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವವರ ಬಳಿ ಕಳಿಸುತ್ತೇನೆ. ಯುಎಸ್‌ಬಿ ಸಾಕೆಟ್ಟನ್ನೇ ಪಿಸಿಬಿಗೆ ಬೆಸೆದಿರುವ ಪೋರ್ಟಬಲ್ ಡಿಸ್ಕುಗಳು ಇನ್ನೂ ಸವಾಲಾಗಿವೆ, ಸಾಟಾ ಕನೆಕ್ಟರೇ ಇಲ್ಲದ್ದರಿಂದ ವಿಳಂಬದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಗುಜರಿಯಿಂದ ತಂದ ಅಂಥದ್ದೊಂದರ ಪಿಸಿಬಿಗೆ ಸಾಟಾ ತಂತಿಗಳನ್ನು ಬೆಸೆಯುವ ಕೆಲಸ ಸದ್ಯ ಮೇಜಿನ ಮೇಲಿದೆ.