ಬೋಟ್ ಹತ್ತುವ ಮುಂಚೆಯೇ ಡ್ರ್ಯಾಗ್ ಸೆಟ್ ಮಾಡಿ

ಮೀನು ದಾರ ಎಳೆದುಕೊಂಡು ಓಡುತ್ತದೆ, ರೀಲ್ ಕಿರ್ರ್ ಅನ್ನುತ್ತದೆ, ಗಾಬರಿಯಲ್ಲಿ ಡ್ರ್ಯಾಗ್, ಅಂದರೆ ದಾರ ಹೊರಗೆ ಹೋಗುವಾಗ ರೀಲ್ ಕೊಡುವ ತಡೆ, ಇನ್ನಷ್ಟು ಬಿಗಿ ಮಾಡುತ್ತಾರೆ, ದಾರ ಟಪ್ ಅಂತ ಕಡಿಯುತ್ತದೆ. ಆಮೇಲೆ ಬೈಗುಳವೆಲ್ಲ ದಾರಕ್ಕೆ!

ದಾರವನ್ನು ರಾಡಿನ ರಿಂಗುಗಳಲ್ಲಿ ತೂರಿಸಿ, ತುದಿಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ. ಇನ್ನೊಬ್ಬರು ತಕ್ಕಡಿ ಹಿಡಿದು ನಿಧಾನಕ್ಕೆ ಎಳೆಯಲಿ. ನೀವು ರಾಡನ್ನು ಮೀನು ಎಳೆಯುವಾಗ ಹಿಡಿಯುವ ಹಾಗೇ ಓರೆಯಾಗಿ ಹಿಡಿಯಿರಿ. ಸುಮ್ನೆ ರೀಲಿನಿಂದ ನೇರವಾಗಿ ಎಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಬಾಗಿದ ರಾಡಿನ ರಿಂಗುಗಳಲ್ಲಿ ದಾರ ಉಜ್ಜಿ ಎಳೆತ ಜಾಸ್ತಿಯಾಗುತ್ತದೆ. ಸ್ಪೂಲ್ (ರೀಲಿನಲ್ಲಿ ದಾರ ಸುತ್ತಿರುವ ಉರುಳೆ) ಜಾರಲು ಶುರುವಾದಾಗ ತಕ್ಕಡಿ ದಾರದ ತಾಕತ್ತಿನ, ಅಂದರೆ ಅದು ಕಡಿಯುವ ಭಾರದ, ಕಾಲು ಭಾಗದಿಂದ ಮೂರನೇ ಒಂದು ಭಾಗ ತೋರಿಸಬೇಕು. 10 ಕೆಜಿ ದಾರಕ್ಕೆ ಎರಡೂವರೆಯಿಂದ ಮೂರು ಕೆಜಿ ಅಂದುಕೊಳ್ಳಿ. ನನ್ನ ಮಾತು ಕೇಳಿದರೆ ಎರಡೂವರೆಗೇ ನಿಲ್ಲಿಸಿ. ಮೊದಲು ಗಕ್ಕನೆ ಹಿಡಿದು ಆಮೇಲೆ ಜಾರಿದರೆ ಒಳಗಿನ ವಾಷರ್ ಅಂಟುತ್ತಿದೆ ಎಂದರ್ಥ, ಬಿಚ್ಚಿ ನೋಡಿ. ಡ್ರ್ಯಾಗ್ ತಿರುಪಿನ ಅರ್ಧ ಸುತ್ತಿಗೇ ಸಡಿಲದಿಂದ ಪೂರ್ತಿ ಬಿಗಿಯಾಗುವ ಅಗ್ಗದ ರೀಲನ್ನಂತೂ ಕೊಳ್ಳಲೇಬೇಡಿ.

ಇಷ್ಟು ಸಡಿಲ ಯಾಕೆ ಅಂತೀರಾ? ಗಂಟು ಹಾಕಿದ ಕಡೆ ದಾರದ ತಾಕತ್ತು ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ದಾರ ಹೊರಗೆ ಹೋದಂತೆ ಸ್ಪೂಲಿನ ಸುತ್ತಳತೆ ಸಣ್ಣದಾಗಿ, ನೀವು ಮುಟ್ಟದೇ ಇದ್ದರೂ ಎಳೆತ ಏರುತ್ತದೆ. ಸುತ್ತಳತೆ ಅರ್ಧವಾದರೆ ಎಳೆತ ಹೆಚ್ಚೂಕಡಿಮೆ ಎರಡರಷ್ಟು. ಅಂಥ ಹೊತ್ತಿನಲ್ಲಿ ಬಿಗಿ ಮಾಡಿದರೆ ದಾರ ಉಳಿಯುತ್ತದಾ? ಸ್ವಲ್ಪ ತಡೆ ಬೇಕೇ ಬೇಕು ಅನ್ನಿಸಿದರೆ ಸ್ಪೂಲಿನ ಅಂಚನ್ನು ಅಂಗೈಯಿಂದ ಒತ್ತಿ, ಮೀನು ಜಗ್ಗಿದ ಕೂಡಲೇ ಬಿಡಿ. ಓಡುತ್ತಿರುವ ಬ್ರೇಡ್ (ಎಳೆಗಳನ್ನು ಹೆಣೆದ) ದಾರಕ್ಕೆ ಮಾತ್ರ ಬೆರಳಿಡಬೇಡಿ, ಕೊಯ್ದುಬಿಡುತ್ತದೆ.

ಇನ್ನು ಕೊಕ್ಕೆ ಕಚ್ಚಿಸುವುದು. ಇಂಗ್ಲಿಷಿನ ಜೆ ಆಕಾರದ ಕೊಕ್ಕೆಯಾದರೆ ಸಡಿಲ ದಾರ ಸುತ್ತಿಕೊಂಡು, ಮೀನಿನ ಭಾರ ಕೈಗೆ ಸಿಕ್ಕ ಮೇಲೆ ರಾಡ್ ಎತ್ತಿ. ನೈಲಾನ್ ದಾರ ಹಿಗ್ಗುವುದರಿಂದ ಆಳದಲ್ಲಿ ಜೋರಾಗಿ ಎತ್ತಬೇಕು, ಬ್ರೇಡಿಗೆ ಸಣ್ಣ ಎತ್ತು ಸಾಕು. ತುದಿ ಒಳಕ್ಕೆ ಬಾಗಿದ ದುಂಡನೆಯ ಸರ್ಕಲ್ ಹುಕ್ ಆದರೆ ಜಗ್ಗಲೇಬೇಡಿ, ಜಗ್ಗಿದರೆ ಬಾಯಿಂದ ಹೊರಗೇ ಬರುತ್ತದೆ. ಸುಮ್ಮನೆ ಸುತ್ತುತ್ತಾ ಹೋಗಿ, ಬಾಯಿಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ. ಓಡುವ ಬೋಟಿನ ಹಿಂದೆ ಗಾಳ ಎಳೆಯುವಾಗ ಬೋಟಿನ ವೇಗವೇ ಕೊಕ್ಕೆ ಕಚ್ಚಿಸುವ ಕೆಲಸ ಮಾಡುತ್ತದೆ.

ಮೀನು ಬೋಟಿನ ಪಕ್ಕಕ್ಕೆ ಬಂದಾಗ ಡ್ರ್ಯಾಗ್ ಒಂಚೂರು ಸಡಿಲಿಸಿ. ಬೋಟ್ ಕಂಡೊಡನೆ ಅದು ಕೆಳಕ್ಕೆ ನುಗ್ಗುತ್ತದೆ, ಹಿಗ್ಗಲು ಅಲ್ಲಿ ದಾರವೇ ಇರುವುದಿಲ್ಲ. ಮನೆಗೆ ಬಂದ ಮೇಲೆ ಪೂರ್ತಿ ಸಡಿಲ ಮಾಡಿಡಿ, ಇಲ್ಲವಾದರೆ ವಾಷರ್ ಒತ್ತಿ ಚಪ್ಪಟೆಯಾಗುತ್ತದೆ.