ಮಳೆಗಾಲಕ್ಕೆ ಮೊದಲು ಮನೆಯ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಕ್ರಮ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ವೈರಿಂಗ್ ಕೆಲಸ ಮಾಡಿಕೊಂಡಿರುವ ನನಗೆ ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನದಿಂದಲೇ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಗೀಸರ್ ಹಾಕಿದೊಡನೆ ಇಡೀ ಮನೆಯ ಕರೆಂಟ್ ಹೋಗುತ್ತದೆ, ವಾಷಿಂಗ್ ಮೆಷಿನಿನ ಮೈಗೆ ಷಾಕ್ ಬಂದಿದೆ. ಇಂಥ ದೋಷಗಳಲ್ಲಿ ಹೆಚ್ಚಿನವನ್ನು ಮೇ ತಿಂಗಳಲ್ಲೇ, ವೋಲ್ಟ್, ಓಮ್ ಅಳೆಯುವ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರಿನ ನೆರವಿನಿಂದ ಮನೆಯವರೇ ಗುರುತಿಸಬಹುದು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ.

ಉಪಕರಣದ ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರಗೆ ಎಳೆದಿಟ್ಟ ಮೇಲೆಯೇ ಪರೀಕ್ಷೆ ಆರಂಭವಾಗಬೇಕು. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಕರೆಂಟು ತರುವ ಫೇಸ್ ಬದಲು ಅದು ಮರಳುವ ನ್ಯೂಟ್ರಲ್ ತಂತಿಯಲ್ಲಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮೊದಲು ಕಣ್ಣಿನಿಂದ ನೋಡಿ: ಪ್ಲಗ್ಗಿನ ಪಿನ್ನು ಕಪ್ಪಾಗಿದೆಯೇ, ಪ್ಲಾಸ್ಟಿಕ್ ಕರಗಿದೆಯೇ, ವೈರಿಗೆ ಎಲ್ಲಾದರೂ ಟೇಪ್ ಸುತ್ತಲಾಗಿದೆಯೇ ಎಂಬುದನ್ನು ಗಮನಿಸಿ.

ಇಸ್ತ್ರಿಪೆಟ್ಟಿಗೆಯಿಂದ ಆರಂಭಿಸುವುದು ಒಳ್ಳೆಯದು. ಕೈಯಲ್ಲಿ ಹಿಡಿದೇ ಬಳಸುವ, ಲೋಹದ ತಳವಿರುವ ವಸ್ತು ಅದು. ಮೀಟರನ್ನು ಓಮ್ ಸ್ಥಾನದಲ್ಲಿಟ್ಟು, ಮೊದಲು ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಅದು ಕಡ್ಡಿಗಳ ಸ್ವಂತ ಪ್ರತಿರೋಧ, ಮುಂದೆ ಬರುವ ಅಂಕಿಯಿಂದ ಅದನ್ನು ಕಳೆಯಬೇಕು. ಅನಂತರ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೂ (ಅದೇ ಅರ್ಥಿಂಗ್ ಪಿನ್ನು, ಸೋರಿದ ಕರೆಂಟು ನೆಲ ಸೇರುವ ದಾರಿ) ಇನ್ನೊಂದನ್ನು ಇಸ್ತ್ರಿಯ ತಳಕ್ಕೂ ಒತ್ತಿ ಹಿಡಿಯಿರಿ. ತಳಕ್ಕೆ ಲೇಪನವಿದ್ದರೆ ಬರಿಯ ಲೋಹ ಕಾಣುವ ಒಂದು ತಿರುಪನ್ನು ಹುಡುಕಬೇಕು. ಆರೋಗ್ಯವಂತ ಇಸ್ತ್ರಿಯಲ್ಲಿ ಅಂಕಿ ಅರ್ಧ ಓಮಿನ ಸುತ್ತ ನಿಲ್ಲುತ್ತದೆ. ಈಗ ಇನ್ನೊಬ್ಬರಿಗೆ ಹೇಳಿ, ವೈರು ಹಿಡಿಕೆಯೊಳಗೆ ಹೋಗುವ ಜಾಗದಲ್ಲಿ ಅದನ್ನು ಮೆಲ್ಲನೆ ಆಚೆಗೂ ಈಚೆಗೂ ಬಾಗಿಸಿ. ಕಳೆದ ವರ್ಷ ನಾನು ನೋಡಿದ ಒಂದು ಇಸ್ತ್ರಿ ನೇರವಾಗಿಟ್ಟಾಗ 0.4 ತೋರಿಸುತ್ತಿತ್ತು, ವೈರನ್ನು ಎಡಕ್ಕೆ ಬಾಗಿಸಿದಾಗಲೆಲ್ಲ ಪರದೆಯ ಮೇಲೆ ‘ಓಎಲ್’ ಎಂದು ಬರುತ್ತಿತ್ತು, ಅಂದರೆ ಸಂಪರ್ಕವೇ ಇಲ್ಲ. ಹತ್ತಿಯ ಹೊದಿಕೆ ಹೊರಗಿನಿಂದ ಸರಿಯಾಗಿಯೇ ಇತ್ತು, ಬಿಸಿಯೂ ಆಗುತ್ತಿತ್ತು. ಒಳಗೆ ಅರ್ಥಿಂಗಿನ ಹಸಿರು ತಂತಿಯ ಎಳೆಗಳು ಮಾತ್ರ ತುಂಡಾಗಿದ್ದವು. ಅರ್ಥಿಂಗ್ ತಪ್ಪಿದರೂ ಉಪಕರಣ ಎಂದಿನಂತೆ ಕೆಲಸ ಮಾಡುತ್ತಲೇ ಇರುವುದರಿಂದ, ಅಳೆದು ನೋಡದೆ ಇದು ತಿಳಿಯುವುದಿಲ್ಲ.

ಎರಡನೆಯದು ಇನ್ಸುಲೇಶನ್ ಪರೀಕ್ಷೆ, ಅಂದರೆ ಕರೆಂಟು ಉಪಕರಣದ ಮೈಗೆ ಸೋರುತ್ತಿಲ್ಲವೇ ಎಂದು ನೋಡುವುದು. ಉಪಕರಣದ ಸ್ವಂತ ಸ್ವಿಚ್ ಮತ್ತು ಥರ್ಮೋಸ್ಟಾಟನ್ನು ಚಾಲೂ ಸ್ಥಿತಿಯಲ್ಲಿಟ್ಟು ಎರಡು ಸಣ್ಣ ಪಿನ್ನುಗಳ ನಡುವೆ ಅಳೆಯಿರಿ. 1000 ವಾಟಿನ ಇಸ್ತ್ರಿಯಾದರೆ ಸುಮಾರು 53 ಓಮ್, 2000 ವಾಟಿನ ಗೀಸರಾದರೆ ಸುಮಾರು 26 ಓಮ್ ಬರಬೇಕು. ಈ ಅಂಕಿ ಬಂದರೆ ಬಿಸಿ ಮಾಡುವ ಎಲಿಮೆಂಟಿನವರೆಗೆ ದಾರಿ ತೆರೆದಿದೆ ಎಂದರ್ಥ. ಆಮೇಲೆ ಮೀಟರನ್ನು ಮೆಗಾಓಮ್ ಸ್ಥಾನಕ್ಕೆ ತಿರುಗಿಸಿ, ಸಣ್ಣ ಪಿನ್ನುಗಳಲ್ಲಿ ಒಂದೊಂದರಿಂದ ದಪ್ಪ ಪಿನ್ನಿಗೆ ಅಳೆಯಿರಿ. ಇಲ್ಲಿ ‘ಓಎಲ್’ ಬರುವುದೇ ಸರಿ. ಆದರೆ ಮಲ್ಟಿಮೀಟರ್ ಕೆಲವೇ ವೋಲ್ಟುಗಳಿಂದ ಅಳೆಯುತ್ತದೆಯಾದ್ದರಿಂದ, 230 ವೋಲ್ಟಿನಲ್ಲಿ ಮಾತ್ರ ಬಾಯಿಬಿಡುವ ದೋಷ ಅದಕ್ಕೆ ತಪ್ಪಿಹೋಗಬಹುದು. ಗೀಸರಿನ ಎಲಿಮೆಂಟಿನೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವವನ್ನು ಹೀರಿಕೊಳ್ಳುವಂಥದ್ದು. ಏಪ್ರಿಲ್, ಮೇಯಲ್ಲಿ ಬಳಸದೆ ಬಿಟ್ಟ ಗೀಸರು ಮಳೆಗಾಲದಲ್ಲಿ ತೊಂದರೆ ಕೊಡುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ನೀರಿನ ಉಪಕರಣಗಳಿಗೆ 500 ವೋಲ್ಟಿನಿಂದ ಇನ್ಸುಲೇಶನ್ ಅಳೆಯುವ ಮೆಗ್ಗರ್ ಎಂಬ ಮೀಟರು ಬೇಕೇ ಬೇಕು. ಆ ಪರೀಕ್ಷೆಯನ್ನು ಲೈಸೆನ್ಸ್ ಇರುವ ವೈರಮನ್ ಕೈಯಲ್ಲಿ ಮಾಡಿಸಿ, 1 ಮೆಗಾಓಮಿಗಿಂತ ಕಡಿಮೆ ಬಂದ ಗೀಸರನ್ನು ಬಳಸಬೇಡಿ.

ಉಪಕರಣ ಸರಿಯಿದ್ದು ಗೋಡೆಯ ಅರ್ಥಿಂಗ್ ಸತ್ತಿದ್ದರೆ ಮೇಲಿನ ಪರೀಕ್ಷೆಗಳಿಂದ ಪ್ರಯೋಜನವಿಲ್ಲ. ನಮ್ಮ ಕಡೆಯ ಹಳೆಯ ಕಟ್ಟಡಗಳಲ್ಲಿ ಕಬ್ಬಿಣದ ನೀರಿನ ಪೈಪಿಗೇ ಅರ್ಥಿಂಗ್ ತಂತಿ ಕಟ್ಟಿಬಿಡುತ್ತಿದ್ದರು. ಈಗ ಸೊಸೈಟಿಯವರು ಪೈಪು ಬದಲಿಸಿ ಪ್ಲಾಸ್ಟಿಕ್ ಹಾಕಿಸುತ್ತಾರೆ, ತಂತಿಯ ವಿಚಾರ ಯಾರಿಗೂ ನೆನಪಾಗುವುದಿಲ್ಲ. ಡೊಂಬಿವಲಿ ಪೂರ್ವದ ಅಂಥದೊಂದು ಕಟ್ಟಡದ ಎರಡನೆಯ ಮಹಡಿಯಿಂದ ನಮ್ಮೂರ ಕಡೆಯ ಅಕ್ಕ ಒಬ್ಬರು, “ಅಣ್ಣಾ, ಫ್ರಿಜ್ ಹೊಸದು, ಆದರೂ ಬಾಗಿಲು ಮುಟ್ಟುವುದಕ್ಕೆ ಹೆದರಿಕೆಯಾಗುತ್ತದೆ” ಎಂದು ಕರೆಸಿದರು. ಫ್ರಿಜ್ಜಿನಲ್ಲಿ ಯಾವ ದೋಷವೂ ಇರಲಿಲ್ಲ. ಮೂರನೆಯ ಮಹಡಿಯ ಗೀಸರಿನಿಂದ ಸೋರಿದ ಕರೆಂಟು, ನೆಲ ಸೇರುವ ದಾರಿಯಿಲ್ಲದೆ, ಎಲ್ಲ ಮನೆಗಳಿಗೂ ಒಂದೇ ಆಗಿದ್ದ ಅರ್ಥಿಂಗ್ ತಂತಿಯ ಮೂಲಕ ಆಕೆಯ ಫ್ರಿಜ್ಜಿಗೆ ಬರುತ್ತಿತ್ತು.

ಸಾಕೆಟ್ಟಿನಲ್ಲಿ ಅಳೆಯುವುದು ಕರೆಂಟ್ ಇರುವಾಗಲೇ ಮಾಡುವ ಕೆಲಸವಾದ್ದರಿಂದ, ಅಭ್ಯಾಸವಿಲ್ಲದವರು ಅದನ್ನು ವೈರಮನ್‌ಗೆ ಬಿಟ್ಟು ಪಕ್ಕದಲ್ಲಿ ನಿಂತು ನೋಡಲಿ. ಫೇಸ್ ಮತ್ತು ನ್ಯೂಟ್ರಲ್ ನಡುವೆಯೂ ಫೇಸ್ ಮತ್ತು ಅರ್ಥ್ ನಡುವೆಯೂ ಸುಮಾರು 230 ವೋಲ್ಟ್ ಬರಬೇಕು. ಎರಡನೆಯದು ಬಹಳ ಕಡಿಮೆಯಾಗಿದ್ದರೆ ಅಥವಾ ಓಲಾಡುತ್ತಿದ್ದರೆ ಅರ್ಥಿಂಗ್ ಇಲ್ಲ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇರುವುದು ಸಹಜ; ಅದೇ ಸರ್ಕ್ಯೂಟಿನಲ್ಲಿ ಇಸ್ತ್ರಿ ಹಾಕಿದ ಮೇಲೂ ಅಲ್ಲಿ ಸೊನ್ನೆಯೇ ಇದ್ದರೆ ಸಾಕೆಟ್ಟನ್ನು ಬಿಚ್ಚಿಸಿ ನೋಡಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಸೇರಿಸಿ ಕೆಲಸ ಮುಗಿಸುವವರಿದ್ದಾರೆ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಆ ತುಂಡು ತಂತಿಯೇ ಉಪಕರಣದ ಮೈಗೆ ಪೂರಾ ಫೇಸನ್ನು ತಂದು ಕೊಡುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇದು ತಿಳಿಯದೆ ಮಾಡಿದ ತಪ್ಪಲ್ಲ.

ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಎಂಸಿಬಿ ಸ್ವಿಚ್ಚು ಇದೆಯಲ್ಲ ಎಂದು ಸಮಾಧಾನಪಡಬಾರದು. ಮನುಷ್ಯನ ಎದೆಬಡಿತವನ್ನು ಕೆಡಿಸಬಲ್ಲ ಕರೆಂಟು ಮಿಲಿಆಂಪಿಯರುಗಳ ಲೆಕ್ಕದ್ದು. 16 ಆಂಪಿಯರಿನ ಎಂಸಿಬಿಗೆ ಅದು ತಿಳಿಯುವುದೇ ಇಲ್ಲ. ಅದಕ್ಕೆ ಸೋರುವ ಕರೆಂಟನ್ನು ಗುರುತಿಸಿ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿಯನ್ನು ಒತ್ತಬೇಕು. ಒತ್ತಿದೊಡನೆ ಬೀಳದಿದ್ದರೆ ಬದಲಿಸಬೇಕು. ಆ ಗುಂಡಿ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗನ್ನಲ್ಲ.

ಚೌಕದೊಳಗೆ ಚೌಕದ ಗುರುತಿರುವ, ಎರಡೇ ಪಿನ್ನಿನ ಉಪಕರಣಗಳಿಗೆ ಇಮ್ಮಡಿ ಇನ್ಸುಲೇಶನ್ ಇರುವುದರಿಂದ ಅರ್ಥಿಂಗ್ ಬೇಕಿಲ್ಲ. ಹೊಸದನ್ನು ಕೊಳ್ಳುವಾಗ ಐಎಸ್‌ಐ ಗುರುತಿನ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು (ತಯಾರಕರ ಲೈಸೆನ್ಸ್ ಸಂಖ್ಯೆ) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ, ತಯಾರಕರ ಹೆಸರು ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಅಳೆದ ಅಂಕಿಗಳನ್ನು ತಾರೀಖಿನೊಡನೆ ಒಂದು ಕಾಗದದಲ್ಲಿ ಬರೆದು ಎಂಸಿಬಿ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿಡಿ. ಗೀಸರಿನ ಮೆಗ್ಗರ್ ಅಂಕಿ ಕಳೆದ ಮೇಯಲ್ಲಿ 50 ಮೆಗಾಓಮ್ ಇದ್ದದ್ದು ಈ ಮೇಯಲ್ಲಿ 3ಕ್ಕೆ ಇಳಿದಿದ್ದರೆ, ಬಳಕೆಗೆ ಅಡ್ಡಿಯಿಲ್ಲವೆನಿಸಿದರೂ, ಹೊಸ ಎಲಿಮೆಂಟಿಗೆ ಮಳೆ ಬರುವ ಮೊದಲೇ ಹೇಳಿಡಿ.